ಎಡದ ಹೊಗೆ ಬಲಕ್ಕೆ: ಬಳ್ಳಾರಿ ಶೆಡ್ಡಿನಲ್ಲಿ ಎಂಜಿಬಿಗೆ ಸೈಡ್ ಪೈಪ್

ಗಾಡಿ ಶೆಡ್ಡಿಗೆ ಬಂದದ್ದು ಹಗ್ಗ ಕಟ್ಟಿಸಿಕೊಂಡು, ಜೀಪಿನ ಹಿಂದೆ. ಮೈತುಂಬ ಕೆಂಪು ಧೂಳು. ಕೈಯಲ್ಲಿ ಒರೆಸಿದರೆ ಕೆಳಗೆ ಕಡುಹಸಿರು ಬಣ್ಣ, ಮೂಗಿನ ಮೇಲೆ ಎಂಟು ಮೂಲೆಯ ಎಂಜಿ ಬಿಲ್ಲೆ. 1966ರ ಎಂಜಿಬಿ ರೋಡ್‌ಸ್ಟರ್, ಇಂಗ್ಲೆಂಡಿನ ತೆರೆದ ಎರಡು ಸೀಟಿನ ಕಾರು. ಅದಿರಿಗೆ ಬಂಗಾರದ ಬೆಲೆ ಇದ್ದಾಗ ನಮ್ಮ ಸಾಹುಕಾರ್ರು ಎಲ್ಲಿಂದಲೋ ಕೊಂಡು ತಂದಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದ ಮೇಲೆ ಗೋದಾಮು ಸೇರಿದ್ದು ಈಗ ಮಗನ ಕೈಗೆ ಬಂದಿದೆ. ಎಂಜಿನ್ ಆಗಲೇ ರಿಪೇರಿಯಾಗಿ ಓಡುತ್ತಿತ್ತು, ಆವತ್ತು ಬ್ಯಾಟರಿ ಕೈಕೊಟ್ಟಿತ್ತು ಅಷ್ಟೆ. ಹುಡುಗನಿಗೆ ಬೇಕಾಗಿದ್ದು ಬೇರೆ.

“ಅಣ್ಣಾ, ಎರಡೂ ಕಡಿ ಬಾಗಿಲ ಕೆಳಗ ಪೈಪು ಹೊರಗ ಕಾಣಬೇಕು. ಹಿಂದಿನ ಸೈಲೆನ್ಸರ್ ಬ್ಯಾಡ.”

ನಾನು ಮಾಡಿಕೊಂಡು ಬಂದದ್ದು ಲಾರಿ ಸೈಲೆನ್ಸರ್. ಸಂಡೂರಿನ ಟಿಪ್ಪರ್‌ಗಳು ಸಾಲು ಹಚ್ಚಿ ನಿಲ್ಲುತ್ತಿದ್ದ ಕಾಲದಲ್ಲಿ ಊಟಕ್ಕೂ ಪುರುಸೊತ್ತಿಲ್ಲದೆ ಬೆಸುಗೆ ಹಾಕಿದವನು. ಕಾರಿನ ಪೈಪು ಎಂದರೆ ಮಕ್ಕಳಾಟ ಅಂದುಕೊಂಡೇ ಒಪ್ಪಿದೆ. ಹನ್ನೊಂದು ದಿನ ಹಿಡಿಯಿತು.

ಮೊದಲ ದಿನ ಪಾನಾ ಮುಟ್ಟಲಿಲ್ಲ, ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ ಕೆಳಗಿಳಿದು ನೋಡಿದೆ ಅಷ್ಟೆ. ಹುಡುಗ ಮೊಬೈಲಿನಲ್ಲಿ ತೋರಿಸಿದ ಚಿತ್ರಗಳೆಲ್ಲ ಅಮೆರಿಕದ ಗಾಡಿಗಳವು: ಕೋಬ್ರಾ, ಮತ್ತೆ 1965ರ ಕಾರ್ವೆಟ್, ಅದಕ್ಕೆ ಕಂಪನಿಯೇ ಸೈಡ್ ಪೈಪ್ ಕೊಡುತ್ತಿತ್ತು. ಅವೆಲ್ಲ ವಿ-8. ಎಂಜಿನ್ನಿನ ಎರಡೂ ಮಗ್ಗುಲಲ್ಲಿ ನಾಲ್ಕು ನಾಲ್ಕು ಸಿಲಿಂಡರ್. ಎಡದ ಹೊಗೆ ಎಡಕ್ಕೆ, ಬಲದ ಹೊಗೆ ಬಲಕ್ಕೆ ತಾನಾಗಿಯೇ ಹೋಗುತ್ತದೆ. ಎಂಜಿಬಿಯದು 1798 ಸಿಸಿ, ಸಾಲಾಗಿ ನಾಲ್ಕೇ ಸಿಲಿಂಡರ್. ಕಾರ್ಬೊರೇಟರೂ, ಸಿಲಿಂಡರುಗಳ ಹೊಗೆ ಕೂಡಿಸಿ ಹೊರಬಿಡುವ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಎರಡೂ ಎಡಮಗ್ಗುಲಲ್ಲಿ, ಒಂದರ ಮೇಲೊಂದು. ಬಲಮಗ್ಗುಲಲ್ಲಿ ಡಿಸ್ಟ್ರಿಬ್ಯೂಟರ್, ಆಯಿಲ್ ಫಿಲ್ಟರ್, ಡೈನಮೊ.

ಕೌಲ್ ಬಜಾರಿನ ಅಂಬಾಸಡರ್ ಮೆಕ್ಯಾನಿಕ್ ಚಾಚಾನನ್ನು ಕರೆಸಿದೆ. ಬಾನೆಟ್ ಎತ್ತಿದ್ದೇ ತಡ ನಕ್ಕುಬಿಟ್ಟರು. “ಬೇಟಾ, ಇದು ನಮ್ಮ ಅಂಬಾಸಡರಿನ ಅಣ್ಣ ಅಲ್ಲೇನೋ!” ಸುಳ್ಳಲ್ಲ. ಹಳೆಯ ಅಂಬಾಸಡರಿನ 1489 ಸಿಸಿ ಎಂಜಿನ್ನೂ ಇದೂ ಒಂದೇ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ (ಬಿಎಂಸಿ) ಬಿ-ಸೀರೀಸ್ ಮನೆತನದವು. ಹೆಡ್ಡಿನಲ್ಲಿ ಹೊಗೆಗೆ ಬಾಗಿಲು ಮೂರೇ: ಒಂದನೆಯದಕ್ಕೆ ಒಂದು, ನಾಲ್ಕನೆಯದಕ್ಕೆ ಒಂದು, ನಡುವಿನ ಎರಡಕ್ಕೂ ಸೇರಿ ಒಂದು. ಚಾಚಾ ಮ್ಯಾನಿಫೋಲ್ಡಿನ ಮೇಲೆ ಕೈಯಿಟ್ಟು ಹೇಳಿದ್ದು ಇಷ್ಟು: “ಬೀಡುಕಬ್ಬಿಣದ್ದು, ಬಿಚ್ಚಬ್ಯಾಡ. ಕೆಳಗಿಂದ ಏನು ಬೇಕಾದ್ರೂ ಮಾಡ್ಕೊ.”

ಸುಲಭದ ದಾರಿ ಎಡಕ್ಕೇ ಪೈಪು ತಿರುಗಿಸಿ ಹೊರಗೆ ಬಿಡುವುದು. ಅದಕ್ಕೆ ಕಾನೂನು ಅಡ್ಡ ಬಂತು. ಲಾರಿ ಕೆಲಸ ಮಾಡಿದವರಿಗೆಲ್ಲ ಇದು ಬಾಯಿಪಾಠ: ಕೇಂದ್ರ ಮೋಟಾರು ವಾಹನ ನಿಯಮಗಳು, 1989, ನಿಯಮ 112. ಹೊಗೆ ಕೆಳಮುಖವಾಗಿಯೂ ಬರಬಾರದು, ಗಾಡಿಯ ಎಡಕ್ಕೂ ಬರಬಾರದು. ನಾವು ಎಡಕ್ಕೆ ಗಾಡಿ ಓಡಿಸುವವರು, ಎಡದಲ್ಲಿ ನಡೆಯುವ ಜನ, ಸೈಕಲ್ಲು, ಬಸ್ಸು ಕಾಯುವವರು. ಅವರ ಮೊಣಕಾಲಿಗೆ ಹೊಗೆ ಊದುವ ಹಾಗಿಲ್ಲ. ಪಕ್ಕಕ್ಕೆ ಬಿಡುವುದಾದರೆ ಬಲಕ್ಕೆ ಬಿಡಬೇಕು. ಅದರ ಬೆನ್ನಿಗೇ ನಿಯಮ 113: ಪೆಟ್ರೋಲ್ ಪೈಪಿನಿಂದ ಕನಿಷ್ಠ 35 ಮಿ.ಮೀ. ದೂರ.

ಹುಡುಗನಿಗೆ ಹೇಳಿದೆ: “ಒಂದೇ ಪೈಪು, ಬಲಕ್ಕ. ಎಡಕ್ಕ ಬರಂಗಿಲ್ಲ. ಇನ್ನ ಮೋಟಾರು ವಾಹನ ಕಾಯ್ದೆ ಕಲಂ 52 ಐತಿ, ಗಾಡಿ ಬದಲಾಯಿಸೋದರ ಮ್ಯಾಲೆ. ನಾನು ಚಿತ್ರ ಬರದು ಕೊಡ್ತೀನಿ, ನೀನ ಹೋಗಿ ಆರ್‌ಟಿಒದಾಗ ತೋರಿಸಿ ಬಾ, ಆಮ್ಯಾಲೆ ಕೈ ಹಚ್ತೀನಿ.” ಮುಖ ಸಪ್ಪಗಾಯಿತು, ಆದರೂ ಹೋಗಿ ಬಂದ. ಅಲ್ಲಿಗೆ ಕೆಲಸ ಏನೆಂಬುದು ಖಚಿತವಾಯಿತು. ಎಡದಲ್ಲಿ ಹುಟ್ಟುವ ಹೊಗೆಯನ್ನು ಗಾಡಿಯ ಹೊಟ್ಟೆಯ ಕೆಳಗೆ ದಾಟಿಸಿ ಬಲಕ್ಕೆ ತರಬೇಕು. ಜನ ನೋಡುವುದು ಹೊರಗಿನ ಕೊಳವೆ, ನಮ್ಮ ಬೆವರು ಹೋದದ್ದು ಕಾಣದ ಆ ಎರಡೂವರೆ ಅಡಿಗೆ.

ನನ್ನದೂ ಒಂದು ಷರತ್ತು ಇತ್ತು: ಗಾಡಿಯ ಮೈಗೆ ಒಂದು ತೂತೂ ಕೊರೆಯುವುದಿಲ್ಲ. ಲಾರಿಗಾದರೆ ಕೆಳಗೆ ಚಾಸಿ ಇದೆ, ಮೇಲೆ ಏನು ಕತ್ತರಿಸಿದರೂ ನಡೆದೀತು. ಎಂಜಿಬಿಗೆ ಬೇರೆ ಚಾಸಿ ಇಲ್ಲ. ಮೇಲೆ ಛಾವಣಿಯೂ ಇಲ್ಲ. ಬಾಗಿಲ ಕೆಳಗಿನ ಪಟ್ಟಿ, ಸಿಲ್ ಅನ್ನುತ್ತಾರಲ್ಲ, ಅದೇ ಗಾಡಿಯ ಬೆನ್ನೆಲುಬು. ಸಿಲ್ ಕತ್ತರಿಸಿ ಪೈಪಿಗೆ ಜಾಗ ಮಾಡಿದರೆ ಗಾಡಿ ನಡುವಿಗೆ ಬಾಗುತ್ತದೆ. ಮೊದಲು ಸಿಲ್ ಗಟ್ಟಿಯಿದೆಯೇ ನೋಡಬೇಕು. ಬಾಗಿಲು ಮುಚ್ಚಿ ಹಿಂದಿನ ಸಂದಿಗೆ ಫೀಲರ್ ಹಾಕಿ ಅಳೆದು, ಆಮೇಲೆ ಮುಂದಿನ ಎರಡೂ ಗಾಲಿ ಎತ್ತಿ ಮತ್ತೆ ಅಳೆದೆ. ಅರ್ಧ ಮಿಲಿಮೀಟರೂ ಬದಲಾಗಲಿಲ್ಲ. ಬದಲಾಗಿದ್ದರೆ ಗಾಡಿ ವಾಪಸ್ ಕಳಿಸುತ್ತಿದ್ದೆ.

ಎರಡನೇ ದಿನ ಹಳೇ ಎಕ್ಸಾಸ್ಟ್ ಇಳಿಸಿದೆವು. ಮ್ಯಾನಿಫೋಲ್ಡಿನಿಂದ ಎರಡು ಕೊಳವೆ ಇಳಿದು ಒಂದಾಗುತ್ತವೆ. ಪ್ರತಿ ಬಾಯಿಗೆ ಮೂರರಂತೆ ಆರು ಸ್ಟಡ್, ಅಂದರೆ ತಲೆಯಿಲ್ಲದ ಬೋಲ್ಟು, ಅದಕ್ಕೆ ಹಿತ್ತಾಳೆ ನಟ್ಟು. ಹಿತ್ತಾಳೆ ಯಾಕೆಂದರೆ ಜಂಗು ಹಿಡಿದು ಸ್ಟಡ್‌ಗೆ ಅಂಟಿಕೊಳ್ಳುವುದಿಲ್ಲ. ಯಾರೋ ಪುಣ್ಯಾತ್ಮ ಎರಡಕ್ಕೆ ಕಬ್ಬಿಣದ ನಟ್ಟು ಹಾಕಿದ್ದ. ಒಂದು ಬಂತು. ಇನ್ನೊಂದು ಸ್ಟಡ್ಡನ್ನೇ ಮುರಿದುಕೊಂಡು ಬಂತು. ಮುರಿದ ತುಂಡಿನ ಮೇಲೆ ದೊಡ್ಡ ನಟ್ಟು ಇಟ್ಟು ಒಳಗೆ ಬೆಸುಗೆ ತುಂಬಿ, ಕೆಂಪಗಿದ್ದದ್ದು ಕಪ್ಪಾಗುವವರೆಗೆ ಕಾಯ್ದು, ಮೆಲ್ಲಗೆ ಹಿಂದೆ ಮುಂದೆ ಆಡಿಸಿ ತೆಗೆದೆ. ಅರ್ಧ ದಿನ ಅದಕ್ಕೇ ಹೋಯಿತು.

ಬೆಸುಗೆಗೆ ಮುಂಚೆ ಬ್ಯಾಟರಿ ಬಿಚ್ಚು ಅಂತ ನಮ್ಮ ಶೆಡ್ಡಿನ ಕೆಲಸದ ಹುಡುಗನಿಗೆ ಹೇಳಿದ್ದೆ. ಸೀಟಿನ ಹಿಂದಿನ ಮುಚ್ಚಳ ತೆಗೆದು ಕೂಗಿದ: “ಉಸ್ತಾದ್, ಎರಡು ಬ್ಯಾಟರಿ ಅದಾವು, ಅದರಾಗ ಪ್ಲಸ್ಸು ಗಾಡಿ ಮೈಗೆ ಕೊಟ್ಟಾರ, ಯಾರೋ ಉಲ್ಟಾ ಮಾಡ್ಯಾರ!” ಉಲ್ಟಾ ಅಲ್ಲ. ಆ ಕಾಲದ ಎಂಜಿಬಿಗೆ ಆರು ಆರು ವೋಲ್ಟಿನ ಎರಡು ಬ್ಯಾಟರಿ, ಅರ್ತ್ ಕೊಡುವುದೂ ಪಾಸಿಟಿವ್ ಕಡೆಯಿಂದ. ಗೊತ್ತಿಲ್ಲದೆ ‘ಸರಿ’ ಮಾಡಿದವರು ಡೈನಮೊ ಸುಡುತ್ತಾರೆ. ಮುಚ್ಚಳದ ಒಳಗೆ ಸುಣ್ಣದ ಕಡ್ಡಿಯಲ್ಲಿ ದೊಡ್ಡದಾಗಿ ಬರೆದಿಟ್ಟೆ.

ಇನ್ನು ದಾಟುವ ಪೈಪು. ಮುಂದಿನ ಅಡ್ಡತೊಲೆ (ಕ್ರಾಸ್ ಮೆಂಬರ್) ದಾಟಿದ ಮೇಲೆ, ಕ್ಲಚ್ಚನ್ನು ಮುಚ್ಚಿದ ಬೆಲ್ ಹೌಸಿಂಗ್ ಕೆಳಗೆ ಮಾತ್ರ ಅಡ್ಡ ಹೋಗಲು ದಾರಿ. ಅಲ್ಲೇ ಗಾಡಿ ನೆಲಕ್ಕೆ ಹತ್ತಿರ. ಮೊದಲು 2 ಇಂಚಿನ ಗುಂಡನೆ ಪೈಪನ್ನು ಟ್ಯಾಕ್ (ಚುಕ್ಕೆ ಬೆಸುಗೆ) ಹಾಕಿ ನೋಡಿದೆ. ನೆಲದಿಂದ 92 ಮಿ.ಮೀ. ಓಣಿಯ ಹಂಪ್ ಮೇಲೆ ತಳ್ಳಿಕೊಂಡು ಹೋದರೆ ಕರ್ರ್ ಅಂತ ಉಜ್ಜಿತು. ನಮ್ಮ ಓಣಿಯ ಹಂಪ್ ಹಾಕಿದವನು ಸೀದಾ ಕೋಟೆಗೋಡೆಗೆ ತಳಪಾಯ ಹಾಕಿದ ಹಾಗೆ ಹಾಕಿದ್ದಾನೆ, ಅದು ಬೇರೆ ಮಾತು. ಪೈಪನ್ನು ಚಪ್ಪಟೆ ಮಾಡದೆ ಗತಿಯಿರಲಿಲ್ಲ.

ಚಪ್ಪಟೆ ಮಾಡಿದರೆ ಹೊಗೆಗೆ ಉಸಿರು ಕಟ್ಟುವುದಿಲ್ಲವೇ? ಲೆಕ್ಕ ಹಾಕಿದೆ. ಗಾಡಿಯ ಮೊದಲಿನ ಪೈಪು ಪೌಣೆರಡು ಇಂಚು, ಗೋಡೆ 1.6 ಮಿ.ಮೀ., ಒಳಗಿನ ಜಾಗ 1336 ಚದರ ಮಿಲಿಮೀಟರ್. ಅದನ್ನೇ 32 ಮಿ.ಮೀ. ಎತ್ತರಕ್ಕೆ ಒತ್ತಿದರೆ ಉಳಿಯುವುದು 1215. ಆದರೆ 2 ಇಂಚಿನ ಪೈಪನ್ನು ಅಷ್ಟೇ ಎತ್ತರಕ್ಕೆ ಒತ್ತಿದರೆ ಅದು ಅಗಲವಾಗಿ ಹರಡಿ 1500 ಸಿಗುತ್ತದೆ. ಹಳೆಯದಕ್ಕಿಂತ ಜಾಸ್ತಿಯೇ ಆಯಿತು. ಎತ್ತರದಲ್ಲಿ 19 ಮಿ.ಮೀ. ಉಳಿತಾಯ. ಸಿಗರೇಟ್ ಪ್ಯಾಕಿನ ಹಿಂದೆ ಮಾಡಿದ ಈ ಲೆಕ್ಕ ಇನ್ನೂ ಶೆಡ್ಡಿನ ಗೋಡೆಗೆ ಅಂಟಿಸಿದೆ.

ಒತ್ತುವ ಮೊದಲು ಪೈಪು ಬಗ್ಗಿಸಬೇಕು, ಬಗ್ಗಿಸುವಾಗ ಒಳಕ್ಕೆ ಕುಸಿಯಬಾರದು ಅಂದರೆ ಉಸುಕು ತುಂಬಬೇಕು. ಹಗರಿ ಹೊಳೆಯ ಸಣ್ಣ ಉಸುಕು ಜರಡಿ ಹಿಡಿದು, ಒಂದು ತುದಿಗೆ ಬೇವಿನ ಗೂಟ ಬಡಿದು, ಪೈಪು ನಿಲ್ಲಿಸಿ, ಪಕ್ಕಕ್ಕೆ ಸುತ್ತಿಗೆಯಿಂದ ತಟ್ಟುತ್ತಾ ತುಂಬಬೇಕು. ಟಣ್ ಅನ್ನುವ ಸದ್ದು ಹೋಗಿ ಡಬ್ ಅನ್ನುವವರೆಗೆ. ಮೇಲಿನ ತುದಿಗೂ ಗೂಟ. ಮೊದಲನೇ ಸಲ ನಾನೇ ತಪ್ಪು ಮಾಡಿದೆ. ಹಿಂದಿನ ರಾತ್ರಿ ನಾಲ್ಕು ಹನಿ ಮಳೆ ಬಿದ್ದಿತ್ತು, ಮೇಲೆ ಒಣಗಿದ ಹಾಗೆ ಕಾಣುತ್ತಿದ್ದ ಉಸುಕನ್ನೇ ತುಂಬಿ ಬೆಂಡಿನ ಜಾಗಕ್ಕೆ ಗ್ಯಾಸ್ ಬೆಂಕಿ ಹಿಡಿದೆ. ಒಳಗಿನ ಹಸಿ ಆವಿಯಾಗಿ, ಢಮ್ ಅಂತ ಗೂಟ ಹಾರಿ ಶೆಡ್ಡಿನ ತಗಡಿಗೆ ಬಡಿಯಿತು. ಇನ್ನರ್ಧ ಅಡಿ ಈಚೆ ಇದ್ದಿದ್ದರೆ ನನ್ನ ತಲೆ. ತಗಡಿನಲ್ಲಿ ಈಗ ಬೆಳಕು ಬರುವ ತೂತಿದೆ. ಎರಡನೇ ಸಲ ಉಸುಕನ್ನು ಹಳೇ ಬಾಂಡ್ಲಿಯಲ್ಲಿ ಹಾಕಿ ಸೇಂಗಾ ಹುರಿದ ಹಾಗೆ ಹುರಿದು, ಆರಿಸಿ ತುಂಬಿದೆ. ಗೂಟದಲ್ಲಿ ಸಣ್ಣ ತೂತೂ ಬಿಟ್ಟೆ.

ಬೆಂಡ್ ಆದ ಮೇಲೆ ಬುಷ್ ಒತ್ತುವ ಪ್ರೆಸ್ಸಿನಲ್ಲಿ ಎರಡು ಚಾನೆಲ್ ತುಂಡುಗಳ ನಡುವೆ ಇಟ್ಟು, ಪಕ್ಕಕ್ಕೆ 32 ಮಿ.ಮೀ. ದಪ್ಪದ ಕಬ್ಬಿಣದ ಗಟ್ಟಿ ಇಟ್ಟು ಒತ್ತಿದೆ. ಗಟ್ಟಿಗೆ ತಾಗಿದ ಕೂಡಲೇ ನಿಲ್ಲಿಸಿ ಬಿಡಬಾರದು, ಪ್ರೆಸ್ ಬಿಟ್ಟರೆ ಪೈಪು ಒಂದು ಮಿಲಿಮೀಟರ್ ಹಿಗ್ಗುತ್ತದೆ. ಗಟ್ಟಿಯನ್ನೇ 31ಕ್ಕೆ ಇಳಿಸಿ ಇನ್ನೊಮ್ಮೆ ಒತ್ತಿದೆ. ಗಾಡಿಗೆ ಹಾಕಿ ಅಳೆದರೆ ನೆಲದಿಂದ 111 ಮಿ.ಮೀ. ಹಂಪ್ ದಾಟಿತು. ಓರೆಯಾಗಿ ಹತ್ತಿಸಿದರೆ ಮಾತ್ರ, ನೇರ ಹೋದರೆ ಈಗಲೂ ಭರವಸೆ ಇಲ್ಲ.

ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತು ಅಲ್ಲಾಡುತ್ತದೆ, ಬಾಡಿ ಅಲ್ಲಾಡುವುದಿಲ್ಲ. ಅಡ್ಡ ಹೋಗುವ ಪೈಪಿಗೆ ಈ ಜಗ್ಗಾಟ ನೇರ ಹೋಗುವ ಪೈಪಿಗಿಂತ ಹೆಚ್ಚು. ಆದ್ದರಿಂದ ದಾಟಿದ ಮೇಲೆ ಬಲದಲ್ಲಿ ಸ್ಟೀಲ್ ಜಾಲರಿಯ ಫ್ಲೆಕ್ಸಿಬಲ್ ತುಂಡು ಹಾಕಿದೆ, ಲಾರಿಗೆ ಹಾಕುವುದರ ಸಣ್ಣ ತಮ್ಮ. ಕ್ಲಚ್ಚಿನ ಸ್ಲೇವ್ ಸಿಲಿಂಡರ್ ಹೋಸಿಗೆ ಶಾಖ ತಾಗದಂತೆ ನಡುವೆ ತಗಡಿನ ಮರೆ. ಪೆಟ್ರೋಲ್ ಪೈಪಿಗೆ ಅತಿ ಹತ್ತಿರ ಬಂದ ಕಡೆ 60 ಮಿ.ಮೀ. ಉಳಿಯಿತು.

ಹೊರಗಿನ ಕೊಳವೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರೂವರೆ ಇಂಚಿನ ಸ್ಟೇನ್‌ಲೆಸ್ ಕೊಳವೆ, 900 ಮಿ.ಮೀ. ಉದ್ದ, ಒಳಗೆ ತೂತಿನ ಪೈಪು, ಸುತ್ತ ಮೊದಲು ಸ್ಟೀಲ್ ವುಲ್, ಅದರ ಮೇಲೆ ಗ್ಲಾಸ್ ವುಲ್. ತಕ್ಕಡಿಯಲ್ಲಿ ತೂಗಿದರೆ ಎಂಟೂವರೆ ಕೆ.ಜಿ. ಸಿಲ್‌ನ ಕೆಳಗಿನ ಅಂಚಿನ ಜೋಡುಪಟ್ಟಿಗೆ ಎರಡು ತಟ್ಟೆ ಕಚ್ಚಿಸಿ ಬೋಲ್ಟು ಬಿಗಿದೆ, ನಡುವೆ ರಬ್ಬರ್. ಮುಂದಿನದು ಗಟ್ಟಿ, ಹಿಂದಿನದರಲ್ಲಿ ಉದ್ದ ಕಿಂಡಿ. ಯಾಕೆಂದರೆ ಕಾದ ಪೈಪು ಬೆಳೆಯುತ್ತದೆ: ಒಂದು ಮೀಟರ್ ಕಬ್ಬಿಣ 300 ಡಿಗ್ರಿ ಏರಿದರೆ ಮೂರೂವರೆ ಮಿಲಿಮೀಟರ್, ಸ್ಟೇನ್‌ಲೆಸ್ ಆದರೆ ಐದು. ಎರಡೂ ಕಡೆ ಬಿಗಿದರೆ ಬೆಸುಗೆ ಬಿರಿಯುತ್ತದೆ.

ಬಾಯಿ ಎಲ್ಲಿ ತೆರೆಯಬೇಕು ಅನ್ನುವುದಕ್ಕೆ ಮಾತ್ರ ಜಗಳವಾಯಿತು. ಹುಡುಗನಿಗೆ ಬಾಗಿಲ ನಡುವೆಯೇ ಬೇಕು, ಕೆಳಕ್ಕೆ ಬಾಗಿರಬೇಕು. ಕೆಳಕ್ಕೆ ಬಾಗಿಸಿದರೆ ನಿಯಮ ತಪ್ಪಿತು. ಬಾಗಿಲ ಕೆಳಗೆ ಬಿಟ್ಟರೆ ತೆರೆದ ಗಾಡಿಯಲ್ಲಿ ಹೊಗೆ ಸುತ್ತಿ ಒಳಗೇ ಬರುತ್ತದೆ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ. ಬಾಗಿಲು ಮುಗಿದ ಮೇಲೆ, ಹಿಂದಿನ ಗಾಲಿಗೆ ಮೊದಲು, ಟೈರಿಗೆ ಬಡಿಯದ ಹಾಗೆ ಹೊರಕ್ಕೆ ಓರೆ ಮಾಡಿ ಬಿಟ್ಟೆ.

ಏಳನೇ ದಿನ ಸ್ಟಾರ್ಟ್. ನಿಂತಲ್ಲಿ ಸೊಗಸಾದ ಗುಡುಗುಡು. ತೋರಣಗಲ್ಲಿನ ಕಡೆ ಹೊಸಪೇಟೆ ರಸ್ತೆಗೆ ಬಿಟ್ಟರೆ 2500 ಆರ್‌ಪಿಎಂಗೆ ಬಂದ ಕೂಡಲೇ ಕಿವಿಯಲ್ಲಿ ಖಾಲಿ ಕೊಡ ಮೊರೆದ ಹಾಗೆ ಮೊರೆತ. ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಹೊಡೆಯುತ್ತದೆ, 2500ಕ್ಕೆ ಸೆಕೆಂಡಿಗೆ 83 ಹೊಡೆತ. ಇಂಥ ದಪ್ಪ ಸದ್ದನ್ನು ಗ್ಲಾಸ್ ವುಲ್ ನುಂಗುವುದಿಲ್ಲ. ಅದು ಕೀರಲು ಸದ್ದಿಗೆ ಮಾತ್ರ. ಅದೂ ಬಲಕ್ಕೆ, ಓಡಿಸುವವನ ಕಿವಿಯ ಕೆಳಗೇ. ಕುಡತಿನಿ ತಲುಪುವಷ್ಟರಲ್ಲಿ ಹುಡುಗನ ಉತ್ಸಾಹ ಅರ್ಧ ಇಳಿದಿತ್ತು.

ಬಿಚ್ಚಿ, ಲಾರಿ ಬುದ್ಧಿ ಉಪಯೋಗಿಸಿದೆ. ಒಳಪೈಪಿನ ನಡುವೆ ಬಿಲ್ಲೆ ಇಟ್ಟು ಮುಚ್ಚಿದೆ. ಹೊಗೆ ಮುಂದಿನ ತೂತುಗಳಿಂದ ಹೊರಗಿನ ಖಾಲಿ ಕೋಣೆಗೆ ಬಂದು, ಬಿಲ್ಲೆ ದಾಟಿ, ಹಿಂದಿನ ತೂತುಗಳಿಂದ ಮತ್ತೆ ಒಳಗೆ ಹೋಗಬೇಕು. 5 ಮಿ.ಮೀ. ತೂತಾದರೆ 1500 ಚದರ ಮಿಲಿಮೀಟರಿಗೆ 77 ಬೇಕು, ನಾನು ಪ್ರತಿ ಕಡೆ 120 ಕೊರೆದೆ. ಲೆಕ್ಕಕ್ಕೆ ಸರಿಯಾಗಿ ಕೊರೆದರೆ ಮಸಿ ಕಟ್ಟಿದ ಮೇಲೆ ಕಮ್ಮಿ ಬೀಳುತ್ತದೆ. ಆ ಭಾಗದಲ್ಲಿ ಗ್ಲಾಸ್ ವುಲ್ ಇಡಬಾರದು, ಹೊಗೆ ಅದನ್ನು ಎಳೆಎಳೆಯಾಗಿ ಊದಿ ರಸ್ತೆಗೆ ಹಾಕುತ್ತದೆ. ಹಿಂದಿನ 300 ಮಿ.ಮೀ.ಗೆ ಮಾತ್ರ ಬಿಟ್ಟೆ. ಮೊರೆತ ಪೂರಾ ಹೋಗಲಿಲ್ಲ, ಪಕ್ಕದವರ ಮಾತು ಕೇಳುವಷ್ಟಾಯಿತು.

ಕಾರ್ಬೊರೇಟರ್ ಚಾಚಾನ ಪಾಲು. ಎಸ್‌ಯು ಕಂಪನಿಯ ಜೋಡಿ. ಎಕ್ಸಾಸ್ಟ್ ಬದಲಾದರೆ ಗಾಳಿ-ಪೆಟ್ರೋಲಿನ ಮಿಕ್ಸ್ಚರ್ ಬದಲಾಗುತ್ತದೆ. ಮೊದಲು ಒಂದು ರಬ್ಬರ್ ಕೊಳವೆಯ ತುದಿ ಕಿವಿಗೆ, ಇನ್ನೊಂದು ತುದಿ ಒಂದೊಂದೇ ಕಾರ್ಬೊರೇಟರಿನ ಬಾಯಿಗೆ ಹಿಡಿದು, ಎರಡರ ಹಿಸ್ಸ್ ಒಂದೇ ಆಗುವವರೆಗೆ ತಿರುಪಿದರು. ಆಮೇಲೆ ಕೆಳಗಿನ ಪಿನ್ನು ಒತ್ತಿ ಕಾರ್ಬೊರೇಟರಿನ ಪಿಸ್ಟನ್ನನ್ನು ಒಂದು ಕೂದಲೆಳೆ ಎತ್ತಿದರು. ಎಂಜಿನ್ ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ, ಉಸಿರು ಬಿಟ್ಟು ಕುಸಿದರೆ ಕಮ್ಮಿ, ಚೂರು ಏರಿ ಸ್ವಸ್ಥಾನಕ್ಕೆ ಬಂದರೆ ಸರಿ. ಮುಂದಿನದು ಕುಸಿಯಿತು. ಕೆಳಗಿನ ನಟ್ಟು ಒಂದು ಮುಖ ತಿರುಗಿಸಿ, ಮತ್ತೆ ಎತ್ತಿ, ಇನ್ನೊಂದು ಮುಖ. “ಈಗ ಕೇಳು,” ಅಂದರು. ಇಪ್ಪತ್ತು ನಿಮಿಷ, ಮೀಟರು ಗೀಟರು ಏನೂ ಇಲ್ಲ. ಮಾರನೆ ದಿನ ಪ್ಲಗ್ ಬಿಚ್ಚಿದರೆ ನಾಲ್ಕೂ ಬಿಸ್ಕತ್ ಬಣ್ಣ, ಅಂದರೆ ಮಿಕ್ಸ್ಚರ್ ಸರಿ.

ಒಂಬತ್ತನೇ ದಿನ ಹುಡುಗ ಗಾಡಿಯಿಂದ ಇಳಿಯುವಾಗ ಹಿಮ್ಮಡಿ ಮೇಲಿನ ಮಾಂಸಖಂಡ ಪೈಪಿಗೆ ತಾಗಿಸಿದ. ಬಳ್ಳಾರಿ ಜೀನ್ಸ್, ದಪ್ಪ ಬಟ್ಟೆ, ಆದ್ದರಿಂದ ಚರ್ಮ ಉಳಿಯಿತು. ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತ ಹಾಗೆ ಕಂದು ಪಟ್ಟೆ. ಅದೇ ದಿನ ನೋಡಿದರೆ ಸಿಲ್‌ನ ಹಸಿರು ಬಣ್ಣವೂ ಒಂದು ಕಡೆ ಬೊಬ್ಬೆ ಎದ್ದಿತ್ತು. ಕೊಳವೆಯ ಹೊರಗೆ 12 ಮಿ.ಮೀ. ಸಂದಿ ಬಿಟ್ಟು ತೂತುತೂತಿನ ಸ್ಟೇನ್‌ಲೆಸ್ ತಗಡಿನ ಮುಚ್ಚಳ, ಸಿಲ್ ಕಡೆಗೆ ಇನ್ನೊಂದು ಸಾದಾ ತಗಡು. ನಡುವೆ ಗಾಳಿ ಆಡಬೇಕು. ತಗಡನ್ನು ಪೈಪಿಗೆ ಅಂಟಿಸಿಬಿಟ್ಟರೆ ಅದೂ ಕಾದ ಹೆಂಚೇ. ಮುಚ್ಚಳ ಮುಟ್ಟಿದರೆ ಈಗ ಕೈ ಥಟ್ಟನೆ ಹಿಂದೆ ಬರುತ್ತದೆ, ಸುಡುವುದಿಲ್ಲ. ಬೊಬ್ಬೆ ಎದ್ದ ಬಣ್ಣ ನನ್ನ ಖರ್ಚು.

ಇನ್ನೊಂದು ತಲೆನೋವು ಕೊನೆಗೆ ಗೊತ್ತಾಯಿತು. ಈ ಗಾಡಿಯ ಸ್ವಂತ ಜಾಕಿ ಸಿಕ್ಕಿಸುವ ತೂತು ಸಿಲ್‌ನಲ್ಲೇ ಇದೆ, ಬಲದ್ದು ಪೈಪಿನ ಮರೆಗೆ ಹೋಯಿತು. ಡಿಕ್ಕಿಯಲ್ಲಿ ಸಣ್ಣ ಬಾಟಲ್ ಜಾಕಿ ಇಟ್ಟು ಕಳಿಸಬೇಕಾಯಿತು.

ಗಾಡಿ ಒಯ್ಯುವ ದಿನ ಹುಡುಗನ ಅವ್ವನೂ ಬಂದಿದ್ದರು. ಅವನು ಇನ್ನೂ ಬಿಟ್ಟಿರಲಿಲ್ಲ: “ಅಣ್ಣಾ, ಎಡಕ್ಕ ಸುಮ್ನ ಖಾಲಿ ಪೈಪರ ಹಾಕು, ಜೋಡಿ ಕಾಣಲಿ.” ಅವ್ವ ಅಷ್ಟರಲ್ಲಿ ಎಡಬಾಗಿಲು ತೆಗೆದು, ನೆರಿಗೆ ಎತ್ತಿ ಹಿಡಿದು, ಆ ಗಿಡ್ಡ ಗಾಡಿಯೊಳಗೆ ಹೆಂಗೋ ಕಾಲು ಇಳಿಸುತ್ತಿದ್ದರು. ಸೀರೆಯ ಅಂಚು ಸಿಲ್ ಒರೆಸಿಕೊಂಡೇ ಹೋಯಿತು. ನಾನು ಏನೂ ಹೇಳಲಿಲ್ಲ, ಆ ಕಡೆ ನೋಡಿದೆ. ಅವನೂ ನೋಡಿದ.

ಇನ್ನೂರು ಕಿಲೋಮೀಟರ್ ಓಡಿದ ಮೇಲೆ ತಂದಾಗ ಆರು ಹಿತ್ತಾಳೆ ನಟ್ಟಿನಲ್ಲಿ ಒಂದು ನಟ್ಟು, ಕಾಲು ಸುತ್ತಿನಷ್ಟು ಸಡಿಲಾಗಿತ್ತು, ಬಿಗಿದೆ. ಹಳೇ ಎಕ್ಸಾಸ್ಟಿಗೆ ಎಣ್ಣೆ ಸವರಿ, ಗಾಡಿ ನಂಬರಿನ ಚೀಟಿ ಕಟ್ಟಿ ಶೆಡ್ಡಿನ ತೊಲೆಗೆ ನೇತುಹಾಕಿದ್ದೇನೆ, ಗೂಟ ಹಾರಿದ ತೂತಿನ ಪಕ್ಕದಲ್ಲೇ.